ಇಂಗ್ಲಿಷ್ ಪಾಠ ಕಷ್ಟವಾಗುವುದು ಯಾವ ಪದದಿಂದ?

ಮೊದಲು ಈ ನಾಲ್ಕು ವಾಕ್ಯ ಓದಿ ನೋಡಿ.

‘ಬೆಳಿಗ್ಗೆ ನಾಲ್ಕಕ್ಕೇ ಅಪ್ಪ ಟೊಮೆಟೊ ಬಾಕ್ಸ್‌ಗಳನ್ನು ಗಾಡಿಗೆ ಸೊರವಿ ಮಂಡಿಗೆ ಹೊರಟರು. ದಾರಿಯಲ್ಲಿ ಗಾಡಿ ಬಿಮ್ಮಳಿಸಿತು. ಅಷ್ಟರಲ್ಲಿ ಹರಾಜು ಗುಂಡರೆಯಾಗಿತ್ತು. ಕೊನೆಗೆ ಸಿಕ್ಕ ರೇಟಿಗೆ ಕುಡಲಿಸಿ ಬಂದರು.’

ಇದರಲ್ಲಿ 20 ಪದಗಳಿವೆ. 16 ನಿಮಗೆ ಚೆನ್ನಾಗಿ ಗೊತ್ತು. ಉಳಿದ ನಾಲ್ಕನ್ನು ನಾನೇ ಹುಟ್ಟಿಸಿದ್ದು, ಯಾವ ನಿಘಂಟಿನಲ್ಲೂ ಹುಡುಕಬೇಡಿ. ಅಂದರೆ ಇಲ್ಲಿ ನೂರಕ್ಕೆ 80ರಷ್ಟು ಪದ ನಿಮಗೆ ಗೊತ್ತಿದೆ. ಈಗ ಹೇಳಿ, ಗಾಡಿಗೆ ಏನಾಯಿತು? ಪಂಕ್ಚರ್ ಆಯಿತಾ, ಪಲ್ಟಿ ಹೊಡೆಯಿತಾ, ಡೀಸೆಲ್ ಮುಗಿಯಿತಾ? ಅವರು ಹೋಗುವಷ್ಟರಲ್ಲಿ ಹರಾಜು ಶುರುವಾಗಿತ್ತಾ, ಮುಗಿದೇ ಹೋಗಿತ್ತಾ? ಹೇಳುವುದು ಕಷ್ಟ ಅಲ್ವಾ? ಗೊತ್ತಿಲ್ಲದ ನಾಲ್ಕು ಪದಗಳೇ ಕಥೆಯನ್ನೆಲ್ಲ ಇಟ್ಟುಕೊಂಡಿವೆ.

‘ಸೊರವಿ’ ಅಂದರೆ ‘ತುಂಬಿ’ ಇರಬೇಕು ಅಂತ ನೀವು ಊಹಿಸಿರುತ್ತೀರಿ. ಆ ಊಹೆಗೆ ಎರಡು ಆಸರೆ ಇದ್ದವು. ಪದದ ಕೊನೆ ನೋಡಿದ ತಕ್ಷಣ ಅದು ಏನೋ ಒಂದು ಕೆಲಸ ಹೇಳುತ್ತಿದೆ ಅಂತ ಕನ್ನಡ ಬಲ್ಲವರಿಗೆ ಗೊತ್ತಾಗುತ್ತದೆ. ಇನ್ನು ಟೊಮೆಟೊ ತೋಟದಿಂದ ಮಂಡಿಗೆ ಹೇಗೆ ಹೋಗುತ್ತದೆ ಅನ್ನುವುದನ್ನು ಕೋಲಾರದ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮುಳಬಾಗಿಲು ಕಡೆಯ ಹಳ್ಳಿಯಲ್ಲಿ ಎಂಟನೇ ಕ್ಲಾಸು ಓದುವ ಹುಡುಗಿಯೊಬ್ಬಳು ಇಂಗ್ಲಿಷ್ ಪಾಠ ತೆರೆದಾಗ ಈ ಎರಡು ಆಸರೆಯೂ ಅವಳಿಗಿರುವುದಿಲ್ಲ. ಹಿಮ ಬೀಳುವ ಊರಿನ ಕಥೆ, ಅದರಲ್ಲಿ ಐದಕ್ಕೊಂದು ಗೊತ್ತಿಲ್ಲದ ಪದ. ಅವಳು ಓದುವುದನ್ನು ಬಿಟ್ಟು ಗೈಡಿನ ಉತ್ತರ ಬಾಯಿಪಾಠ ಮಾಡುತ್ತಾಳೆ. ಅವಳಿಗೆ ಇಂಗ್ಲಿಷ್ ಹತ್ತುವುದಿಲ್ಲ ಅಂತ ನಾವು ಹೇಳಿಬಿಡುತ್ತೇವೆ. ಹಾಗೆ ಹೇಳುವ ಮೊದಲು ಆ ಪಾಠದಲ್ಲಿರುವ ಪದಗಳನ್ನು ಒಮ್ಮೆ ಎಣಿಸಿ ನೋಡಬೇಕು.

ಎಣಿಸಿದವರು ಇದ್ದಾರೆ. ಮೇಲೆ ನಾನು ಮಾಡಿದ್ದು ಅವರದೇ ಪ್ರಯೋಗದ ಸಣ್ಣ ರೂಪ. ಹು ಮತ್ತು ಪಾಲ್ ನೇಷನ್ ಎಂಬ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಇಂಗ್ಲಿಷ್ ಕಥೆಯ ಕೆಲವು ಪದಗಳನ್ನು ತೆಗೆದು, ಆ ಜಾಗಕ್ಕೆ ಅರ್ಥವಿಲ್ಲದ ಪದಗಳನ್ನು ಹಾಕಿದರು. ಒಂದು ಗುಂಪಿಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ನೂರಕ್ಕೆ 80 ಪದ ಗೊತ್ತಿದ್ದ ಗುಂಪಿನಲ್ಲಿ ಕಥೆ ಸರಿಯಾಗಿ ಅರ್ಥವಾದವರು ಒಬ್ಬರೂ ಇರಲಿಲ್ಲ. ಯಾರ ಸಹಾಯವೂ ಇಲ್ಲದೆ ಆರಾಮಾಗಿ ಓದಬೇಕಾದರೆ ನೂರಕ್ಕೆ 98ರಷ್ಟು ಪದ ಗೊತ್ತಿರಬೇಕು ಅನ್ನುವುದು ಅವರ ತೀರ್ಮಾನ. ಅದಕ್ಕೂ ಮೊದಲು, 1989ರಲ್ಲಿ, ಇಸ್ರೇಲಿನ ಸಂಶೋಧಕಿ ಬಟಿಯಾ ಲಾಫರ್ ಅವರು 95 ಇದ್ದರೆ ಒಂದು ಮಟ್ಟಿಗೆ ನಡೆಯುತ್ತದೆ ಅಂದಿದ್ದರು. 95ಕ್ಕೂ 98ಕ್ಕೂ ಏನು ಮಹಾ ವ್ಯತ್ಯಾಸ ಅನ್ನಿಸಬಹುದು. ಪುಟದ ಲೆಕ್ಕದಲ್ಲಿ ನೋಡಿ. ಒಂದು ಪುಟದಲ್ಲಿ 250 ಪದ ಇದ್ದರೆ, 98ರ ಲೆಕ್ಕದಲ್ಲಿ ಗೊತ್ತಿಲ್ಲದ ಪದ ಐದು. 95ರಲ್ಲಿ ಹನ್ನೆರಡು ಹದಿಮೂರು. 80ರಲ್ಲಿ ಐವತ್ತು. ಪುಟಕ್ಕೆ ಐವತ್ತು ಸಲ ನಿಘಂಟು ತೆಗೆಯುವ ತಾಳ್ಮೆ ದೊಡ್ಡವರಿಗೂ ಇರುವುದಿಲ್ಲ.

ಹಾಗಾದರೆ ಎಷ್ಟು ಪದ ಕಲಿತರೆ ಸಾಕು? ಪದಗಳೆಲ್ಲ ಒಂದೇ ಸಮನಾಗಿ ಬಳಕೆಯಾಗುವುದಿಲ್ಲ ಅನ್ನುವುದು ಇಲ್ಲಿ ಗಮನಿಸಬೇಕಾದ ಸಂಗತಿ. 1960ರ ದಶಕದಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೆ, ಕಥೆ, ವರದಿ ಅಂತ ಬೇರೆ ಬೇರೆ ಬಗೆಯ ಬರಹದಿಂದ ಸುಮಾರು 10 ಲಕ್ಷ ಪದ ಸೇರಿಸಿ ಎಣಿಸಿದರು. ‘ದಿ’ ಅನ್ನುವ ಪದ ಒಂದೇ ನೂರಕ್ಕೆ ಸುಮಾರು ಏಳು ಪಾಲು ಇತ್ತು. ಬರೀ 135 ಪದಗಳು ಅರ್ಧ ಬರಹವನ್ನು ತುಂಬಿದ್ದವು. ಇನ್ನೊಂದು ತುದಿಯಲ್ಲಿ, ಆ ಬರಹದ ಬೇರೆ ಬೇರೆ ಪದಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಒಂದೇ ಒಂದು ಸಲ ಬಂದು ಹೋಗಿದ್ದವು. ಹಾಗಾಗಿ ಮೊದಲ ಸಾವಿರ ಪದ ಕಲಿತರೆ ಸಿಗುವ ಲಾಭ ಬಹಳ ದೊಡ್ಡದು. ಎರಡನೇ ಸಾವಿರಕ್ಕೆ ಅಷ್ಟಿಲ್ಲ. ಐದನೇ ಸಾವಿರದ ಹೊತ್ತಿಗೆ ಪ್ರತಿ ಪದದ ಫಲ ತೀರಾ ಸಣ್ಣದು. ಇಂಗ್ಲಿಷ್ ಪತ್ರಿಕೆ, ಕಾದಂಬರಿ ಸರಾಗವಾಗಿ ಓದಲು 8,000ದಿಂದ 9,000 ಪದ ಕುಟುಂಬ ಬೇಕು ಅಂತ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದರು. ಪದ ಕುಟುಂಬ ಅಂದರೆ ‘ಫಾರ್ಮ್’, ‘ಫಾರ್ಮರ್’, ‘ಫಾರ್ಮಿಂಗ್’ ಎಲ್ಲ ಸೇರಿ ಒಂದು. ಹೈಸ್ಕೂಲ್ ಮುಗಿಸುವಷ್ಟರಲ್ಲಿ ಅಷ್ಟು ಕಲಿಸುವುದು ಆಗದ ಮಾತು. ಅದಕ್ಕೇ ಕಲಿಯುವವರಿಗಾಗಿ ಬರೆಯುವ ಪಾಠದಲ್ಲಿ ಯಾವ ಪದ ಇರಬೇಕು, ಯಾವುದು ಇರಬಾರದು ಅನ್ನುವುದನ್ನು ಯಾರಾದರೂ ಕೂತು ಯೋಚಿಸಿ ಆರಿಸಬೇಕು.

ಈ ಕೆಲಸದ ಒಂದು ಬೇರು ನಮ್ಮ ಉಪಖಂಡದಲ್ಲೇ ಇದೆ. ಬ್ರಿಟಿಷರ ಕಾಲದಲ್ಲಿ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಮೈಕೆಲ್ ವೆಸ್ಟ್ ಎಂಬ ಪ್ರಿನ್ಸಿಪಾಲರಿದ್ದರು. ಬಂಗಾಳದ ಮಕ್ಕಳಲ್ಲಿ ಬಹಳಷ್ಟು ಜನ ಓದು ಪೂರ್ತಿ ಮಾಡುವುದಿಲ್ಲ, ನಡುವೆಯೇ ಸ್ಕೂಲು ಬಿಡುತ್ತಾರೆ ಅನ್ನುವುದನ್ನು ಅವರು ಕಣ್ಣಾರೆ ಕಂಡರು. ನಡುವೆ ಬಿಟ್ಟ ಮಗುವಿನ ಕೈಗೆ ಅಲ್ಲಿಯವರೆಗಿನ ಕಲಿಕೆಯಿಂದ ಏನಾದರೂ ಉಳಿಯಬೇಕಲ್ಲ? ಇದಕ್ಕೆ ಅವರು ಬಳಸಿದ ಮಾತು ‘ಸರೆಂಡರ್ ವ್ಯಾಲ್ಯೂ’. ವಿಮಾ ಪಾಲಿಸಿ ಅರ್ಧಕ್ಕೇ ನಿಲ್ಲಿಸಿದರೆ ಕೈಗೆ ಬರುವ ಹಣಕ್ಕೆ ಹೇಳುವ ಮಾತೇ ಅದು. ಅಂದಿನ ಇಂಗ್ಲಿಷ್ ಪುಸ್ತಕಗಳಲ್ಲಿ ಹೊಸ ಪದಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ವೆಸ್ಟ್ ತಾವು ಬರೆದ ಪುಸ್ತಕಗಳಲ್ಲಿ ಹೊಸ ಪದಗಳನ್ನು ದೂರ ದೂರ ಇಟ್ಟರು. ಬಂದ ಪದವನ್ನು ಮತ್ತೆ ಮತ್ತೆ ತಂದರು. ಅಪರೂಪದ ಪದಗಳನ್ನು ಕೈಬಿಟ್ಟು ದಿನಬಳಕೆಯ ಪದ ಹಾಕಿದರು. ಮುಂದೆ 1953ರಲ್ಲಿ ಅವರು ಹೊರತಂದ ಸುಮಾರು 2,000 ಪದಗಳ ಪಟ್ಟಿ ಇಂಗ್ಲಿಷ್ ಕಲಿಸುವವರಿಗೆ ದಶಕಗಳ ಕಾಲ ದಾರಿ ತೋರಿಸಿತು. ಒಂದು ಪದಕ್ಕೆ ನಾಲ್ಕು ಅರ್ಥ ಇದ್ದರೆ ಯಾವ ಅರ್ಥ ನೂರಕ್ಕೆ ಎಷ್ಟು ಸಲ ಬರುತ್ತದೆ ಅನ್ನುವುದನ್ನೂ ಆ ಪಟ್ಟಿಯಲ್ಲಿ ಕೊಟ್ಟಿದ್ದಾರೆ. ಇದೆಲ್ಲ ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕೈಯಿಂದ ಮಾಡಿದ ಎಣಿಕೆ. ನನಗೆ ಈ ಮನುಷ್ಯನ ಮೇಲೆ ತುಂಬಾ ಗೌರವ.

2000ದಲ್ಲಿ ಆವ್ರಿಲ್ ಕಾಕ್ಸ್‌ಹೆಡ್ ಎಂಬ ನ್ಯೂಜಿಲೆಂಡಿನ ಸಂಶೋಧಕಿ ಇನ್ನೊಂದು ಪಟ್ಟಿ ಮಾಡಿದರು. ಕಾಲೇಜು ಮಟ್ಟದ ಬರಹಗಳಲ್ಲಿ ಎಲ್ಲ ವಿಷಯಗಳಿಗೂ ಸಾಮಾನ್ಯವಾಗಿ ಬರುವ 570 ಪದ ಕುಟುಂಬಗಳು ಅದರಲ್ಲಿವೆ. ಕಾಲೇಜು ಪುಸ್ತಕಗಳ ಪದಗಳಲ್ಲಿ ಸುಮಾರು ಹತ್ತನೇ ಒಂದು ಪಾಲು ಇವೇ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ಸೈನ್ಸ್ ಸೇರುವ ನಮ್ಮ ಮಕ್ಕಳಿಗೆ ಈ ಪಟ್ಟಿ ಕಣ್ಣು ತೆರೆಸುವಂಥದ್ದು. ‘ಫೋಟೋಸಿಂಥೆಸಿಸ್’ ಬಂದಾಗ ಲೆಕ್ಚರರ್ ನಿಂತು ವಿವರಿಸುತ್ತಾರೆ. ಅದು ಪಾಠದ್ದೇ ಪದ. ಆದರೆ ‘ಅಸ್ಯೂಮ್’, ‘ಡಿರೈವ್’, ‘ಹೆನ್ಸ್’, ‘ಕಾನ್‌ಸ್ಟೆಂಟ್’ ಇವುಗಳನ್ನು ಯಾರೂ ವಿವರಿಸುವುದಿಲ್ಲ. ಇಂಗ್ಲಿಷ್ ಮೇಷ್ಟ್ರು ಇದು ಸೈನ್ಸಿನವರ ಕೆಲಸ ಅಂದುಕೊಳ್ಳುತ್ತಾರೆ, ಸೈನ್ಸಿನವರು ಇಂಗ್ಲಿಷಿನವರ ಕೆಲಸ ಅಂದುಕೊಳ್ಳುತ್ತಾರೆ. ಪಿಯುಸಿ ಮೊದಲ ವರ್ಷದಲ್ಲಿ ಒದ್ದಾಡುವ ಮಕ್ಕಳು ಸೈನ್ಸ್‌ಗಿಂತ ಜಾಸ್ತಿ ಇಂಥ ಪದಗಳ ಹತ್ತಿರ ಸಿಕ್ಕಿಹಾಕಿಕೊಂಡಿರುತ್ತಾರೆ. ಹೈಸ್ಕೂಲಿನಲ್ಲೇ ವಾರಕ್ಕೆ ಐದಾರು ಇಂಥ ಪದ ಕಲಿಸುತ್ತಾ ಹೋದರೆ ಎಷ್ಟೋ ಅನುಕೂಲ.

ಪಟ್ಟಿಗಳನ್ನು ಇಷ್ಟು ಹೊಗಳಿದೆ. ಆದರೆ ಅವನ್ನು ಹಾಗೇ ತಂದು ಇಲ್ಲಿ ಇಳಿಸಿದರೆ ಆಗುವುದಿಲ್ಲ. ಅವು ಇಂಗ್ಲೆಂಡ್, ಅಮೆರಿಕ, ನ್ಯೂಜಿಲೆಂಡಿನಂಥ ದೇಶಗಳ ಬರಹ ನೋಡಿ ಮಾಡಿದವು. ನಮ್ಮ ಮಕ್ಕಳ ತಲೆಯಲ್ಲಿರುವ ಇಂಗ್ಲಿಷ್ ಬೇರೆ. ತೋಟ ಇರುವ ಮನೆಯ ಮಗುವಿಗೆ ‘ಬೋರ್‌ವೆಲ್’, ‘ಮೋಟರ್’, ‘ಸ್ಟಾರ್ಟರ್’, ‘ಫ್ಯೂಸ್’, ‘ಡ್ರಿಪ್’, ‘ಮಲ್ಚಿಂಗ್’, ‘ಸಬ್ಸಿಡಿ’, ‘ಸ್ಪ್ರೇಯರ್’ ಎಲ್ಲ ಗೊತ್ತು. ‘ಸಬ್ಸಿಡಿ’ ಪಟ್ಟಿಯ ಲೆಕ್ಕದಲ್ಲಿ ಕಷ್ಟದ ಪದ. ಮೊದಲ ಎರಡು ಸಾವಿರದಲ್ಲಿ ಅದಕ್ಕೆ ಜಾಗವಿಲ್ಲ. ಇಲ್ಲಿನ ಹುಡುಗನಿಗೆ ಅದು ಊಟದ ಹೊತ್ತಿಗೆ ಮನೆಯಲ್ಲಿ ಕೇಳಿಬರುವ ಮಾತು. ಅದೇ ಹುಡುಗನಿಗೆ ಪಟ್ಟಿಯ ಮೊದಲ ಸಾವಿರದಲ್ಲಿರುವ ‘ದೋ’ (ಆದರೂ), ‘ಅಪಾನ್’ (ಮೇಲೆ), ‘ವೆದರ್’ (ಹೌದೋ ಇಲ್ಲವೋ) ಹೊಸತು. ಮಂಡಿಯಲ್ಲಿ ಸುತ್ತಾಡಿದ ಮಕ್ಕಳಿಗೆ ‘ಬಾಕ್ಸ್’, ‘ಲೋಡ್’, ‘ರೇಟ್’, ‘ಕಮಿಷನ್’ ಬಾಯಲ್ಲೇ ಇವೆ. ಪಾಠ ಬರೆಯುವವರು ಈ ಬಂಡವಾಳವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು ದೊಡ್ಡ ನಷ್ಟ. ಪರಿಚಯದ ಪದ ಹತ್ತು ಇದ್ದರೆ ಹೊಸ ಪದ ಒಂದನ್ನು ಅವುಗಳ ನಡುವೆ ಕೂರಿಸುವುದು ಸುಲಭ.

ಒಂದು ಎಚ್ಚರವೂ ಬೇಕು. ಕನ್ನಡಕ್ಕೆ ಬಂದು ನೆಲೆಸಿದ ಇಂಗ್ಲಿಷ್ ಪದಗಳು ಅರ್ಥ ಬದಲಿಸಿಕೊಂಡಿರುತ್ತವೆ. ನಮಗೆ ಹೋಟೆಲ್ ಅಂದರೆ ಇಡ್ಲಿ ತಿನ್ನುವ ಜಾಗ, ಇಂಗ್ಲಿಷ್ ಪಾಠದಲ್ಲಿ ರಾತ್ರಿ ತಂಗುವ ಜಾಗ. ನಮಗೆ ಮೆಡಿಕಲ್ ಅಂದರೆ ಅಂಗಡಿ, ಸೈಟ್ ಅಂದರೆ ಮನೆ ಕಟ್ಟುವ ಜಾಗ, ಕರೆಂಟ್ ಅಂದರೆ ವಿದ್ಯುತ್ತು ಅಷ್ಟೇ. ‘ಸಾರ್, ಒಂದು ಡೌಟು’ ಅಂತ ಮಕ್ಕಳು ಕೇಳುವುದು ತಿಳಿಯದ್ದನ್ನು. ಇಂಗ್ಲಿಷಿನವರಿಗೆ ‘ಡೌಟ್’ ಅಂದರೆ ನಂಬಿಕೆ ಬಾರದಿರುವುದು. ಇಂಥ ಪದ ಪಾಠದಲ್ಲಿ ಬಂದರೆ ಮಗು ನಿಲ್ಲುವುದೇ ಇಲ್ಲ, ಗೊತ್ತಿದೆ ಅಂದುಕೊಂಡು ಮುಂದೆ ಹೋಗುತ್ತದೆ. ಗೊತ್ತಿಲ್ಲದ ಪದಕ್ಕಿಂತ ಇದು ಜಾಸ್ತಿ ದಾರಿ ತಪ್ಪಿಸುತ್ತದೆ.

ಇನ್ನು ಸುಲಭ ಅಂತ ಕಾಣುವ ಪುಟ್ಟ ಪದಗಳ ಮಾತು. ‘ರನ್’ ಅನ್ನು ಒಂದನೇ ಕ್ಲಾಸಿನಲ್ಲೇ ಕಲಿಸಿಬಿಡುತ್ತೇವೆ, ಓಡು. ಆದರೆ ‘ದಿ ಬಸ್ ರನ್ಸ್ ಟು ಚಿಂತಾಮಣಿ’ ಅಂದರೆ ಬಸ್ಸು ಚಿಂತಾಮಣಿಗೆ ಹೋಗುತ್ತದೆ. ‘ಶಿ ರನ್ಸ್ ಎ ಶಾಪ್’ ಅಂದರೆ ಅಂಗಡಿ ನಡೆಸುತ್ತಾಳೆ. ‘ದಿ ಬೋರ್‌ವೆಲ್ ರ‍್ಯಾನ್ ಡ್ರೈ’ ಅಂದರೆ ಬೋರ್‌ವೆಲ್ ಬತ್ತಿತು. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟಿನವರು ಈ ಒಂದು ಕ್ರಿಯಾಪದಕ್ಕೆ 645 ಅರ್ಥ ಎಣಿಸಿದ್ದಾರೆ. ನಮಗೆ ಇದು ವಿಚಿತ್ರ ಅನ್ನಿಸಬೇಕಿಲ್ಲ. ನಮ್ಮ ‘ಹೊಡೆ’ ನೋಡಿ. ಗೋಡೆಗೆ ಸುಣ್ಣ ಹೊಡೆಯುತ್ತೇವೆ, ಟ್ಯೂಬಿಗೆ ಗಾಳಿ ಹೊಡೆಯುತ್ತೇವೆ, ಟೊಮೆಟೊಗೆ ಔಷಧಿ ಹೊಡೆಯುತ್ತೇವೆ, ನಿದ್ದೆಯನ್ನೂ ಹೊಡೆಯುತ್ತೇವೆ. ಇದರಲ್ಲಿ ಯಾವುದರಲ್ಲೂ ಪೆಟ್ಟಿಲ್ಲ. ಪದದ ಅರ್ಥ ಅದರ ಅಕ್ಕಪಕ್ಕದಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ ನಿಲ್ಲುತ್ತದೆ.

ಬರೆಯುವಾಗ ನಮ್ಮ ಮಕ್ಕಳು ಮಾಡುವ ತಪ್ಪುಗಳಲ್ಲಿ ಬಹಳಷ್ಟು ಈ ಅಕ್ಕಪಕ್ಕದ ತಪ್ಪುಗಳೇ. ಕನ್ನಡದಲ್ಲಿ ‘ಮಾಡು’ ಒಂದಿದ್ದರೆ ಸಂಸಾರ ನಡೆಯುತ್ತದೆ. ಊಟ ಮಾಡು, ಸ್ನಾನ ಮಾಡು, ತಪ್ಪು ಮಾಡು, ಹೋಂವರ್ಕ್ ಮಾಡು, ಫೋನ್ ಮಾಡು, ಮದುವೆ ಮಾಡು. ಇಂಗ್ಲಿಷಿನಲ್ಲಿ ಊಟಕ್ಕೆ ‘ಹ್ಯಾವ್’, ಸ್ನಾನಕ್ಕೆ ‘ಟೇಕ್’ ಇಲ್ಲವೇ ‘ಹ್ಯಾವ್’, ತಪ್ಪಿಗೆ ‘ಮೇಕ್’, ಹೋಂವರ್ಕಿಗೆ ‘ಡೂ’. ಇದಕ್ಕೆ ಕಾರಣ ಕೇಳಿದರೆ ಯಾರ ಹತ್ತಿರವೂ ಉತ್ತರವಿಲ್ಲ. ಬಳಕೆ ಹಾಗಿದೆ. ‘ಮಿಸ್ಟೇಕ್’ ಅಂದರೆ ತಪ್ಪು ಅಂತ ಒಂದೇ ಪದ ಬರೆಸಿದರೆ ಮಗು ‘ಐ ಡಿಡ್ ಎ ಮಿಸ್ಟೇಕ್’ ಅಂತಲೇ ಬರೆಯುತ್ತದೆ. ‘ಮೇಕ್ ಎ ಮಿಸ್ಟೇಕ್’ ಅಂತ ಜೋಡಿಯಾಗಿ ಬರೆಸಿದರೆ ಆ ತೊಂದರೆಯೇ ಬರುವುದಿಲ್ಲ. ಜೋರು ಮಳೆಗೆ ‘ಹೆವಿ ರೇನ್’, ಜೋರು ಗಾಳಿಗೆ ‘ಸ್ಟ್ರಾಂಗ್ ವಿಂಡ್’, ಜೋರು ದನಿಗೆ ‘ಲೌಡ್ ವಾಯ್ಸ್’. ಕನ್ನಡದ ಒಂದು ‘ಜೋರು’ ಅಲ್ಲಿ ಮೂರಾಗುತ್ತದೆ.

ಎರಡು ಭಾಷೆಯೂ ಒಂದೇ ದಾರಿ ಹಿಡಿಯುವ ಜಾಗಗಳೂ ಇವೆ. ‘ರೇಟ್ ಬಿತ್ತು’ ಅನ್ನುತ್ತೇವೆ, ಅವರೂ ‘ದಿ ಪ್ರೈಸ್ ಫೆಲ್’ ಅನ್ನುತ್ತಾರೆ. ರೇಟ್ ಏರಿದರೆ ‘ದಿ ಪ್ರೈಸ್ ರೋಸ್’. ಇಂಥ ಜೋಡಿಗಳನ್ನು ಮೊದಲು ಕಲಿಸಿದರೆ ಮಕ್ಕಳಿಗೆ ಧೈರ್ಯ ಬರುತ್ತದೆ. ಬೇರೆಯಾಗುವವನ್ನು ಆಮೇಲೆ, ಬೇರೆ ಅಂತ ಹೇಳಿಯೇ ಕಲಿಸಬೇಕು.

ಪಾಠ ಸುಲಭ ಮಾಡುತ್ತೇವೆ ಅಂತ ಹೊರಟವರು ಉದ್ದ ಪದ ತೆಗೆದು ಪುಟ್ಟ ಪದ ಹಾಕುವುದುಂಟು. ‘ಪೋಸ್ಟ್‌ಪೋನ್’ ತೆಗೆದು ‘ಪುಟ್ ಆಫ್’ ಹಾಕುತ್ತಾರೆ. ನಮ್ಮ ಕಡೆ ಎಷ್ಟು ಮದುವೆ, ಎಷ್ಟು ಪರೀಕ್ಷೆ ‘ಪೋಸ್ಟ್‌ಪೋನ್’ ಆಗಿಲ್ಲ ಹೇಳಿ! ಅದು ಹಳ್ಳಿಯ ಅಜ್ಜಿಗೂ ಗೊತ್ತು. ‘ಪುಟ್’ ಅಂದರೆ ಇಡು, ‘ಆಫ್’ ಅಂದರೆ ಸ್ವಿಚ್ಚು ಅಂತ ತಿಳಿದ ಮಗುವಿಗೆ ‘ಪುಟ್ ಆಫ್’ ಎಲ್ಲಿಂದ ಅರ್ಥವಾಗಬೇಕು? ಪದ ಎಷ್ಟುದ್ದ ಇದೆ ಅಂತ ನೋಡಿ ಕಷ್ಟ ಸುಲಭ ಅಳೆಯುವುದನ್ನು ಬಿಟ್ಟೇಬಿಡಬೇಕು.

ಪಾಠದ ಕೊನೆಯ ಪದಕೋಶದ ಬಗ್ಗೆಯೂ ಒಂದು ಮಾತಿದೆ. ಗೊತ್ತಿಲ್ಲದ ಇಂಗ್ಲಿಷ್ ಪದಕ್ಕೆ ಗೊತ್ತಿಲ್ಲದ ಇನ್ನೊಂದು ಇಂಗ್ಲಿಷ್ ಪದ ಅರ್ಥವಾಗಿ ಕೊಟ್ಟರೆ ಏನು ಪ್ರಯೋಜನ? 1978ರಲ್ಲಿ ಲಾಂಗ್‌ಮನ್ ಕಂಪನಿಯವರು ಕಲಿಯುವವರಿಗಾಗಿಯೇ ತಂದ ನಿಘಂಟಿನಲ್ಲಿ ಎಲ್ಲ ಅರ್ಥಗಳನ್ನೂ ಸುಮಾರು 2,000 ಸುಲಭ ಪದಗಳ ಒಳಗೇ ಬರೆದರು. ಆ ಶಿಸ್ತು ನಮ್ಮ ಪಾಠಗಳಲ್ಲೂ ಬೇಕು. ಕನ್ನಡದಲ್ಲಿ ಅರ್ಥ ಕೊಡುವುದಾದರೆ ಆಡುಮಾತಿನ ಪದ ಕೊಡಿ. ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು ಮಾತಾಡುತ್ತಾರೆ. ಕೆಜಿಎಫ್‌ನಲ್ಲಿ ತಮಿಳು. ಅವರಿಗೆ ಕನ್ನಡವೇ ಸ್ಕೂಲಿನಲ್ಲಿ ಕಲಿತ ಭಾಷೆ. ಭಾರವಾದ ಸಂಸ್ಕೃತ ಪದದಲ್ಲಿ ಅರ್ಥ ಬರೆದರೆ ಅವರು ಎರಡು ಪದ ಕಲಿಯಬೇಕಾಗುತ್ತದೆ.

ಗೋಡೆಗೆ ಹಚ್ಚುವ ಚಾರ್ಟುಗಳನ್ನು ನೋಡಿರುತ್ತೀರಿ. ಇಪ್ಪತ್ತು ಹಣ್ಣು, ಹನ್ನೆರಡು ಬಣ್ಣ, ಹದಿನೈದು ವಿರುದ್ಧ ಪದ. ಒಂದೇ ಜಾತಿಯ ಹೊಸ ಪದಗಳನ್ನು ಒಟ್ಟಿಗೆ ಕಲಿತರೆ ಒಂದಕ್ಕೊಂದು ಗೊಂದಲವಾಗಿ ಕಲಿಕೆ ನಿಧಾನವಾಗುತ್ತದೆ ಅಂತ ಟಿಂಕಮ್ ಎಂಬ ಸಂಶೋಧಕರು 1993ರಲ್ಲೇ ತೋರಿಸಿದ್ದಾರೆ. ‘ಬಾರೋ’ ಮತ್ತು ‘ಲೆಂಡ್’ ಒಂದೇ ದಿನ ಕಲಿತ ಮಗುವಿಗೆ ಸಾಲ ತಗೊಳ್ಳೋದು ಯಾವುದು, ಕೊಡೋದು ಯಾವುದು ಅಂತ ವರ್ಷವಾದರೂ ಗೊಂದಲ ಹೋಗುವುದಿಲ್ಲ. ಒಂದನ್ನು ಗಟ್ಟಿ ಮಾಡಿ, ಕೆಲವು ವಾರ ಬಿಟ್ಟು ಇನ್ನೊಂದನ್ನು ತರುವುದು ಒಳ್ಳೆಯದು.

ಇಷ್ಟೆಲ್ಲ ಇಟ್ಟುಕೊಂಡು ಒಂದು ಪಾಠ ತಿದ್ದುವುದು ಹೇಗೆ? ಮಂಡಿಯ ಬಗ್ಗೆ ಯಾರೋ ಹೀಗೆ ಬರೆದರು ಅಂದುಕೊಳ್ಳಿ: ‘ದಿ ಪ್ರೊಡ್ಯೂಸ್ ಫೆಚ್ಡ್ ಎ ಪಾಲ್ಟ್ರಿ ಸಮ್.’ ಬರೀ ಆರು ಪದ. ಅದರಲ್ಲಿ ‘ಪಾಲ್ಟ್ರಿ’ ತೀರಾ ಅಪರೂಪ. ಉಳಿದವುಗಳಲ್ಲಿ ಮೂರು ಪದ ಮಗುವಿಗೆ ಗೊತ್ತಿದ್ದರೂ ಬೇರೆ ಅರ್ಥದಲ್ಲಿ ಗೊತ್ತು. ‘ಸಮ್’ ಅಂದರೆ ಕೂಡುವ ಲೆಕ್ಕ, ‘ಫೆಚ್’ ಅಂದರೆ ಹೋಗಿ ತರುವುದು, ‘ಪ್ರೊಡ್ಯೂಸ್’ ಅಂದರೆ ತಯಾರಿಸು. ಇದನ್ನೇ ಹೀಗೆ ಬರೆಯಬಹುದು: ‘ದಿ ಫಾರ್ಮರ್ ಟುಕ್ 100 ಬಾಕ್ಸಸ್ ಆಫ್ ಟೊಮ್ಯಾಟೋಸ್ ಟು ದಿ ಮಾರ್ಕೆಟ್. ದಟ್ ಡೇ ದಿ ಪ್ರೈಸ್ ಫೆಲ್. ಹಿ ಗಾಟ್ ಎ ಲೋ ಪ್ರೈಸ್ ಫಾರ್ ಈಚ್ ಬಾಕ್ಸ್.’ ವಾಕ್ಯ ಜಾಸ್ತಿಯಾದವು, ನಿಜ. ಆದರೆ ಹೊಸ ಪದ ‘ಪ್ರೈಸ್’ ಒಂದೇ. ಅದು ಎರಡು ಸಲ, ಎರಡು ಬೇರೆ ಜೊತೆಯಲ್ಲಿ ಬಂತು. ಸನ್ನಿವೇಶ ಮಗುವಿಗೆ ಗೊತ್ತು. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ ಟೊಮೆಟೊದ 15 ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದನ್ನೂ, ಬೆಲೆ ಬಿದ್ದಾಗ ಹಣ್ಣು ರಸ್ತೆ ಬದಿಗೆ ಸುರಿಯುವುದನ್ನೂ ಕಂಡ ಮಕ್ಕಳಿವರು. ‘ದಿ ಪ್ರೈಸ್ ಫೆಲ್’ ಅನ್ನುವುದರ ಅರ್ಥವನ್ನು ಅವರಿಗೆ ಎರಡು ಸಲ ಹೇಳಬೇಕಿಲ್ಲ.

ಒಂದು ಪಾಠದಲ್ಲಿ ಬಂದ ಪದ ಅಲ್ಲಿಗೇ ನಿಂತರೆ ಮರೆತುಹೋಗುತ್ತದೆ. ಪದ ನೆನಪಿನಲ್ಲಿ ಕೂರಲು ಎಷ್ಟು ಸಲ ಎದುರಾಗಬೇಕು ಅನ್ನುವುದರಲ್ಲಿ ಸಂಶೋಧಕರ ಲೆಕ್ಕ ಒಂದೇ ಇಲ್ಲ, ಆದರೆ ಹತ್ತರ ಆಸುಪಾಸಿನ ಮಾತು ಹೆಚ್ಚಾಗಿ ಕೇಳಿಬರುತ್ತದೆ. ಹಾಗಾಗಿ ಟೊಮೆಟೊ ಪಾಠದಲ್ಲಿ ಬಂದ ‘ಪ್ರೈಸ್’ ಮುಂದಿನ ವಾರ ಡೇರಿಯ ಹಾಲಿನ ಪಾಠದಲ್ಲಿ ಬರಲಿ. ಆಮೇಲೆ ಶ್ರೀನಿವಾಸಪುರದ ಮಾವಿನ ಪಾಠದಲ್ಲಿ, ಶಿಡ್ಲಘಟ್ಟದ ಗೂಡು ಮಾರುಕಟ್ಟೆಯ ಪಾಠದಲ್ಲಿ ಬರಲಿ. ಪ್ರತಿ ಸಲವೂ ಅದರ ಪಕ್ಕದಲ್ಲಿ ಒಂದು ಹೊಸ ಜೊತೆಗಾರ ಪದ ಇರಲಿ.

ಪಾಠ ಸಿದ್ಧವಾದ ಮೇಲೆ ಪರೀಕ್ಷೆ ಮಾಡುವುದು ಸುಲಭ. ಅದರಿಂದ ನೂರು ಪದದ ಒಂದು ತುಣುಕು ತಗೊಳ್ಳಿ. ಕ್ಲಾಸಿನ ಜಾಣರಿಗೆ ಬೇಡ, ನಡುವಿನ ಐದಾರು ಮಕ್ಕಳಿಗೆ ಪೆನ್ಸಿಲ್ ಕೊಡಿ. ಗೊತ್ತಿಲ್ಲದ ಪದದ ಕೆಳಗೆ ಗೆರೆ ಎಳೆಯಲಿ, ಮಾರ್ಕ್ಸ್ ಇಲ್ಲ ಅಂತ ಮೊದಲೇ ಹೇಳಿ. ಎರಡು ಗೆರೆ ಬಿದ್ದರೆ ಮಗು ಒಬ್ಬರೇ ಕೂತು ಓದಬಹುದು. ಐದಾದರೆ ಮೇಷ್ಟ್ರು ಜೊತೆಗಿರಬೇಕು. ಹತ್ತು ದಾಟಿದರೆ ಪಾಠವನ್ನು ಮತ್ತೆ ಬರೆಯಬೇಕು. ಆದರೆ ಗೆರೆ ಎಣಿಸಿ ಅಲ್ಲಿಗೇ ಬಿಡಬೇಡಿ. ‘ರನ್’, ‘ಪುಟ್ ಆಫ್’, ‘ಹೋಟೆಲ್’ ಇಂಥವುಗಳ ಕೆಳಗೆ ಯಾವ ಮಗುವೂ ಗೆರೆ ಎಳೆಯುವುದಿಲ್ಲ. ಆ ಪದ ಇರುವ ವಾಕ್ಯವನ್ನು ಓದಿಸಿ, ಏನಾಯಿತು ಅಂತ ಅವರದೇ ಮಾತಿನಲ್ಲಿ, ಕನ್ನಡವೋ ತೆಲುಗೋ, ಹೇಳಿಸಿ ನೋಡಬೇಕು.